ಕಡಲಿಲ್ಲದ ಊರಿನಲ್ಲಿ ದೋಣಿಯ ಗೇರು

ಬಾಗಲಗುಂಟೆಗೂ ಮಂಗಳೂರಿನ ಕಡಲಿಗೂ ಸುಮಾರು 350 ಕಿ.ಮೀ. ದೂರ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ದೋಣಿಯ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಆದರೆ ಕೆಟ್ಟು ಕೂತ ಹಳೆಯ ದೋಣಿ ಎಂಜಿನ್ನಿನ ಗೇರುಪೆಟ್ಟಿಗೆಯನ್ನು ಸರಿಪಡಿಸಲು ಬೇಕಾದ ವಿದ್ಯೆಗಳೆಲ್ಲ, ಅಂದರೆ ಲೇತ್ ಕೆಲಸ, ಗ್ರೈಂಡಿಂಗ್, ಗೇರ್ ಕತ್ತರಿಸುವುದು, ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವುದು, ಈ ಊರಿನ ಮಗ್ಗುಲಲ್ಲೇ ಇರುವ ಪೀಣ್ಯ ಕೈಗಾರಿಕಾ ಪ್ರದೇಶದ ನಿತ್ಯದ ಕಸುಬು. ಕಡಲಿಗೆ ಬೇಕಾದದ್ದು ಬಯಲುಸೀಮೆಯಲ್ಲಿದೆ!

ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ಮಲ್ಪೆ, ಗಂಗೊಳ್ಳಿಗಳ ನಾಡದೋಣಿಗಳಲ್ಲಿ ಇದನ್ನು ನೋಡಿದವರಿರಬಹುದು. ಅಮೆರಿಕದಲ್ಲಿ ನೆಲೆಸಿದ್ದ ನಾರ್ವೆ ಮೂಲದ ಓಲೆ ಎವಿನ್‌ರೂಡ್ 1909ರಲ್ಲಿ ತನ್ನ ಒಂದೂವರೆ ಅಶ್ವಶಕ್ತಿಯ ಎಂಜಿನ್ನನ್ನು ಮಾರುಕಟ್ಟೆಗೆ ತಂದ. ಪ್ರೇಯಸಿಗೆಂದು ಐಸ್‌ಕ್ರೀಮ್ ತರಲು ಸರೋವರದಲ್ಲಿ ಹುಟ್ಟು ಹಾಕಿ ಹಾಕಿ ಸುಸ್ತಾದಾಗ, ಐಸ್‌ಕ್ರೀಮ್ ಕರಗಿಹೋದಾಗ ಅವನಿಗೆ ಈ ಯೋಚನೆ ಬಂತೆಂಬ ಕಥೆಯೂ ಉಂಟು. ಕಥೆ ಹೇಗೇ ಇರಲಿ, ಎವಿನ್‌ರೂಡ್ ಹೆಸರಿನ ಎಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಹಳೆಯ ಮಾದರಿಗಳಿಗೆ ಬಿಡಿಭಾಗ ಸಿಗದಿದ್ದರೆ ಎರಡೇ ದಾರಿ: ಗುಜರಿಗೆ ಹಾಕುವುದು, ಇಲ್ಲವೇ ಬೇಕಾದ ಭಾಗವನ್ನು ಹೊಸದಾಗಿ ಮಾಡಿಕೊಳ್ಳುವುದು.

ಎಣ್ಣೆ ಹೇಳುವ ಸುದ್ದಿ

ಎಂಜಿನ್ ಮೇಲೆ, ಮೀನುಗಾರರು ಫ್ಯಾನು ಎಂದು ಕರೆಯುವ ಪ್ರೊಪೆಲ್ಲರ್ ಕೆಳಗೆ ನೀರಿನಲ್ಲಿ. ಎಂಜಿನ್ನಿನಿಂದ ನೆಟ್ಟಗೆ ಇಳಿದ ಶಾಫ್ಟಿನ ತುದಿಯಲ್ಲಿ ಒಂದು ಚಿಕ್ಕ ಪಿನಿಯನ್ ಇರುತ್ತದೆ. ಅದು ದೊಡ್ಡ ಬೆವೆಲ್ ಗೇರನ್ನು ತಿರುಗಿಸಿ, ಮೇಲಿಂದ ಕೆಳಕ್ಕೆ ಬಂದ ಶಕ್ತಿಯನ್ನು ಅಡ್ಡಕ್ಕೆ ಹೊರಳಿಸುತ್ತದೆ. ಲಾರಿಯ ಹಿಂದಿನ ಆಕ್ಸಲ್‌ನಲ್ಲಿರುವ ಕ್ರೌನ್–ಪಿನಿಯನ್ ಕಂಡವರಿಗೆ ಇದು ಹೊಸದಲ್ಲ. ಪಿನಿಯನ್ನಿಗೆ 13 ಹಲ್ಲು, ಗೇರಿಗೆ 26 ಹಲ್ಲು ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಪ್ರೊಪೆಲ್ಲರ್ 2,250 ಸುತ್ತು ತಿರುಗುತ್ತದೆ. ವೇಗ ಅರ್ಧವಾಯಿತು, ಘರ್ಷಣೆಯ ನಷ್ಟ ಬಿಟ್ಟರೆ ತಿರುಚುವ ಬಲ ಎರಡರಷ್ಟಾಯಿತು. ಪಾಠದ ಪುಸ್ತಕದ ಲೆಕ್ಕವೇ ಇದು, ನೀರಿನೊಳಗೆ ನಡೆಯುತ್ತಿದೆ ಅಷ್ಟೇ.

ಈ ಗೇರುಗಳು ಎಣ್ಣೆಯಲ್ಲಿ ಮುಳುಗಿರಬೇಕು, ಪೆಟ್ಟಿಗೆಯ ಹೊರಗೆ ಮಾತ್ರ ನೀರಿರಬೇಕು. ಎರಡರ ನಡುವೆ ಇರುವುದು ರಬ್ಬರಿನ ಆಯಿಲ್ ಸೀಲ್. ಹರಿದ ಬಲೆಯ ನೈಲಾನ್ ದಾರ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ದರೆ ನೀರು ಒಳಗೆ ಬಂತೆಂದೇ ಲೆಕ್ಕ. ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಪೆಟ್ಟಿಗೆ ಬಿಚ್ಚುವುದಿಲ್ಲ, ಎಣ್ಣೆ ನೋಡುತ್ತಾನೆ. ಕೆಳಗಿನ ಸ್ಕ್ರೂ ಬಿಚ್ಚಿದಾಗ ಎಣ್ಣೆಗಿಂತ ಮೊದಲು ನೀರು ಇಳಿದರೆ ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ಸೀಲು ಹೋಗಿದೆ. ಲೋಹದ ಚೂರು ಕಂಡರೆ ಗೇರಿಗೇ ಪೆಟ್ಟಾಗಿದೆ. ಒಂದು ಎಚ್ಚರಿಕೆ: ಜಾನ್ಸನ್, ಎವಿನ್‌ರೂಡ್‌ನ ಕೆಲವು ಹಳೆಯ ಮಾದರಿಗಳಲ್ಲಿ ಎಣ್ಣೆಯ ಸ್ಕ್ರೂ ಬಳಿಯೇ ಪ್ಲಸ್ ತಲೆಯ ಇನ್ನೊಂದು ಸ್ಕ್ರೂ ಇರುತ್ತದೆ. ಅದು ಗೇರ್ ಬದಲಿಸುವ ಕವೆಯನ್ನು ಹಿಡಿದಿರುವಂಥದ್ದು. ಅದನ್ನು ಬಿಚ್ಚಿದವನಿಗೆ ಇಡೀ ಪೆಟ್ಟಿಗೆ ಕಳಚದೆ ಗತಿಯಿಲ್ಲ.

ಬಿಚ್ಚುವ ಕೆಲಸಕ್ಕೆ ತಾಳ್ಮೆಯೇ ಬಂಡವಾಳ. ಪೆಟ್ಟಿಗೆ ಅಲ್ಯೂಮಿನಿಯಂ, ಬೋಲ್ಟು ಉಕ್ಕು, ನಡುವೆ ಉಪ್ಪುನೀರು. ರಸಾಯನಶಾಸ್ತ್ರ ಓದಿದ ಮಕ್ಕಳಿಗೆ ಇದೊಂದು ಪುಟ್ಟ ಬ್ಯಾಟರಿ ಎಂದು ಹೊಳೆಯಬೇಕು. ಅಲ್ಯೂಮಿನಿಯಂ ಸವೆದು ಬಿಳಿಪುಡಿಯಾಗಿ ಬೋಲ್ಟನ್ನು ಕಚ್ಚಿಹಿಡಿಯುತ್ತದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ಬೋಲ್ಟು ಮುರಿದೀತು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಹದವಾಗಿ ಬಿಸಿ ತಾಗಿಸಿ, ಮೆಲ್ಲಗೆ ತಟ್ಟಿ ಬಿಡಿಸಬೇಕು.

ಮುರಿಯಲೆಂದೇ ಇರುವ ಪಿನ್ನು

ಹಳೆಯ ಔಟ್‌ಬೋರ್ಡುಗಳಲ್ಲಿ ಪ್ರೊಪೆಲ್ಲರನ್ನು ಶಾಫ್ಟಿಗೆ ಸೇರಿಸುವುದು ಮೆತು ಲೋಹದ ಒಂದು ಸಣ್ಣ ಪಿನ್ನು, ಶಿಯರ್ ಪಿನ್. ಪ್ರೊಪೆಲ್ಲರ್ ಬಂಡೆಗೆ ಬಡಿದರೆ ಅದು ತುಂಡಾಗಿ ಗೇರನ್ನು ಉಳಿಸುತ್ತದೆ. ಕಳೆದುಹೋದ ಪಿನ್ನಿನ ಜಾಗಕ್ಕೆ ಉಕ್ಕಿನ ಮೊಳೆ ತುರುಕಿ ಹೊರಟವರು ಮುಂದಿನ ಪೆಟ್ಟಿಗೆ ಗೇರಿನ ಹಲ್ಲನ್ನೇ ಕಳೆದುಕೊಳ್ಳುತ್ತಾರೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲದ ಆ ಅಲೆಗಳಲ್ಲಿ ಫ್ಯಾನು ನಿಂತ ದೋಣಿ ಅಡ್ಡ ತಿರುಗಿದರೆ ನಷ್ಟವಾಗುವುದು ಬರೀ ಗೇರಿನದಲ್ಲ.

ಗೇರೇ ಮುರಿದರೆ? ಅಳತೆ ತೆಗೆದು ಹೊಸದು ಮಾಡಬಹುದು, ಆದರೆ ಇಲ್ಲೊಂದು ತೊಡಕು. ಹಳೆಯ ಅಮೆರಿಕನ್ ಗೇರುಗಳ ಹಲ್ಲು ಇಂಚಿನ ಲೆಕ್ಕದವು, ನಮ್ಮಲ್ಲಿ ಬಳಕೆಯಲ್ಲಿರುವುದು ಮಿಲಿಮೀಟರಿನ ಮಾಡ್ಯೂಲ್. ವ್ಯಾಸದ ಇಂಚಿಗೆ 12 ಹಲ್ಲಿನ ಗೇರಾದರೆ 25.4 ಅನ್ನು 12ರಿಂದ ಭಾಗಿಸಿ: 2.117. ಇದು 2 ಮಾಡ್ಯೂಲಿಗೆ ಹತ್ತಿರವೇ ಎಂದು ಒಂದು ಹೊಸ, ಒಂದು ಹಳೆಯ ಗೇರನ್ನು ಜೋಡಿಸಿದರೆ ಹಲ್ಲು ಹಲ್ಲು ತಿನ್ನುತ್ತವೆ. ಬೆವೆಲ್ ಗೇರುಗಳನ್ನು ಜೋಡಿಯಾಗಿಯೇ ಮಾಡಬೇಕು. ಮೇಲ್ಮೈ ಮಾತ್ರ ಗಡುಸಾಗಿ ಒಳಗೆ ಬಾಗುವ ಗುಣ ಉಳಿಯುವಂತೆ ಇಎನ್ 353ರಂಥ ಉಕ್ಕನ್ನು ಹದಗೊಳಿಸಬೇಕು. ಜೋಡಿಸುವಾಗ ಹಲ್ಲಿಗೆ ನೀಲಿ ಬಳಿದು ತಿರುಗಿಸಿ, ಗುರುತು ಹಲ್ಲಿನ ಅಂಚಿನಲ್ಲಿ ಬಿದ್ದರೆ ತೆಳು ತಗಡಿನ ಶಿಮ್ ಸೇರಿಸಿಯೋ ತೆಗೆದೋ ಸರಿಮಾಡಬೇಕು.

ಇಂಥ ಕೆಲಸ ಕಲಿಸುವ ಶಾಲೆಗಳು ಬಾಗಲಗುಂಟೆಯ ಮಕ್ಕಳಿಗೆ ದೂರವಿಲ್ಲ. 1959ರಲ್ಲಿ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಶುರುವಾದ ಎನ್‌ಟಿಟಿಎಫ್ ಸಂಸ್ಥೆಯ ಕೇಂದ್ರ ಪೀಣ್ಯದಲ್ಲಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ರಾಜಾಜಿನಗರದಲ್ಲಿದೆ. ಎಸ್‌ಎಸ್‌ಎಲ್‌ಸಿ ನಂತರ ಪಿಯುಸಿಯೊಂದೇ ದಾರಿ ಎಂದುಕೊಂಡ ತಂದೆತಾಯಂದಿರು ಒಮ್ಮೆ ಅಲ್ಲಿನ ಯಂತ್ರಗಳ ಮುಂದೆ ನಿಂತು ನೋಡುವುದು ಒಳ್ಳೆಯದು.

ಕೊನೆಯ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಪೆಟ್ಟಿಗೆ ಮುಚ್ಚಿ, ಎಣ್ಣೆ ತುಂಬುವ ಮೊದಲು ಸ್ವಲ್ಪವೇ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹುಡುಕಿದಂತೆಯೇ. ಗುಳ್ಳೆ ಬಾರದಿದ್ದರೆ ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಬೇಕು. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಂಜಿನ್ ಓಡಿಸುವುದು ನೀರು ತುಂಬಿದ ಡ್ರಮ್ಮಿನಲ್ಲಿ ಮಾತ್ರ. ಎಂಜಿನ್ ತಂಪಾಗಿಸುವ ಪಂಪು ಇದೇ ಪೆಟ್ಟಿಗೆಯ ಮೇಲೆ ಕೂತಿರುತ್ತದೆ, ಒಣಗಿ ತಿರುಗಿದರೆ ಅದರ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ.