ಬೂಟು ಜೀಪಲ್ಲಿ, ಕಾಲು ಜಿಗಣೆ ಬಾಯಲ್ಲಿ!

ಗೂಡಲೂರು: ಬೆಳಕು ಹರಿಯುವ ಮುನ್ನವೇ ಇಲ್ಲಿಂದ ಜೀಪುಗಳು ಮಲೆ ಹತ್ತುತ್ತವೆ. ಒಳಗೆ ಒತ್ತೊತ್ತಾಗಿ ಕೂತ ಹೆಂಗಸರು, ಮಡಿಲಲ್ಲಿ ಬುತ್ತಿ, ಸೀಟಿನ ಕೆಳಗೆ ಗಂಬೂಟು. ಲೋಯರ್ ಕ್ಯಾಂಪ್ ದಾಟಿ, ಘಾಟಿ ಏರಿ, ಕುಮಳಿಯ ಗಡಿ ಕಳೆದರೆ ಇಡುಕ್ಕಿಯ ಏಲಕ್ಕಿ ತೋಟಗಳು. ಸಂಜೆ ಜೀಪು ಇಳಿದು ಬಂದಾಗ ಕೆಲವು ಬೂಟುಗಳು ಬೆಳಿಗ್ಗೆ ಇಟ್ಟ ಜಾಗದಲ್ಲೇ, ಒಂದು ಹನಿ ಕೆಸರೂ ಸೋಕದೆ ಕೂತಿರುತ್ತವೆ. ಯಾಕೆ ಹಾಕ್ಕೊಳ್ಳಲಿಲ್ಲ ಎಂದರೆ ಉತ್ತರ ಒಂದೇ ಮಾತಿನದು: ‘ಕಚ್ಚುತ್ತೆ.’

ಬೂಟು ಕಚ್ಚುತ್ತದೆಂದು ಬೂಟು ಬಿಟ್ಟರೆ ಜಿಗಣೆ ಕಚ್ಚುತ್ತದೆ, ಕೆಲವೊಮ್ಮೆ ಹಾವೂ ಕಚ್ಚುತ್ತದೆ. ಕೊಂಡ ಬೂಟು ಕಾಲಿಗೆ ಸರಿಯಾಗಿ ಕೂತಿದ್ದರೆ ಈ ಪೇಚಾಟವೇ ಇರುತ್ತಿರಲಿಲ್ಲ.

ನೀಲಗಿರಿಯ ಗೂಡಲೂರು ಬೇರೆ, ಇದು ಬೇರೆ. ಇದು ತೇನಿ ಜಿಲ್ಲೆಯ ಕಂಬಂ ಕಣಿವೆಯ ತುದಿಯ ಊರು. 1895ರಲ್ಲಿ ಕಟ್ಟಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಮಲೆಯಿಂದ ಇಳಿದು ಬರುವುದರಿಂದಲೇ ಇಲ್ಲಿ ಭತ್ತ, ತೆಂಗು, ದ್ರಾಕ್ಷಿ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ತಮಿಳರು ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗ ಗೌಡರ ಮನೆಗಳು ಈ ಕಣಿವೆಯಲ್ಲಿ ತಲೆಮಾರುಗಳಿಂದ ಇವೆ. ಒಲೆಯ ಮುಂದೆ ಕನ್ನಡ, ಬೀದಿಯಲ್ಲಿ ತಮಿಳು, ಮಲೆ ಹತ್ತಿದರೆ ಮಲಯಾಳ. ಗದ್ದೆ ಕೆಲಸ ಸಾಲದಾದಾಗ ಜಾತಿ, ಭಾಷೆ ಎನ್ನದೆ ಎಲ್ಲರಿಗೂ ಮಲೆಯ ಕೂಲಿಯೇ ಗತಿ. 2011ರ ಡಿಸೆಂಬರ್‌ನಲ್ಲಿ ಅಣೆಕಟ್ಟಿನ ವಿವಾದ ಕಾವೇರಿ ಗಡಿ ಬಿಗಿಯಾದಾಗ ಆ ಕೂಲಿಯ ಬೆಲೆ ಏನೆಂದು ಎರಡೂ ಕಡೆಯವರಿಗೆ ಗೊತ್ತಾಗಿತ್ತು.

ಕುಕ್ಕರಗಾಲಿನ ಕೆಲಸ

ಏಲಕ್ಕಿ ಕಾಯಿ ಗಿಡದ ತುದಿಯಲ್ಲಿ ಬಿಡುವುದಿಲ್ಲ. ಕಾಯಿ ಹಿಡಿಯುವ ಟೊಂಗೆಗಳು ಬುಡದಿಂದ ಹೊರಟು ನೆಲಕ್ಕೆ ಒರಗಿ ಹರಡಿರುತ್ತವೆ. ಹಾಗಾಗಿ ಕೊಯ್ಲು ಎಂದರೆ ದಿನವಿಡೀ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಏಳುವುದು, ಮತ್ತೆ ಕೂರುವುದು. ಮೇಲೆ ಮರಗಳ ನೆರಳು, ಕೆಳಗೆ ಕೊಳೆತ ತರಗೆಲೆ, ಸದಾ ತೇವ. ಜಿಗಣೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮಲೆನಾಡಿನವರು ಇಂಬಳ ಎನ್ನುವುದು ಇದನ್ನೇ.

ಜಿಗಣೆ ರಕ್ತ ಕುಡಿದು ಉದುರಿ ಹೋಗುತ್ತದೆ, ಕೆರೆದುಕೊಂಡರೆ ಹುಣ್ಣು. ಹಾವಿನ ವಿಷಯ ಹಾಗಲ್ಲ. ಮೂತಿಯ ತುದಿ ಮೇಲಕ್ಕೆ ಎತ್ತಿದಂತಿರುವ ಒಂದು ಸಣ್ಣ ಗುಳಿಮಂಡಲ ಪಶ್ಚಿಮ ಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣದಲ್ಲೇ ಸುತ್ತಿಕೊಂಡು ಮಲಗಿರುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು; ಈ ಗುಳಿಮಂಡಲದ ವಿಷಕ್ಕೆ ಅಲ್ಲ. ಅಂದ ಮೇಲೆ ಕಚ್ಚಿಸಿಕೊಳ್ಳದೇ ಇರುವುದೇ ದೊಡ್ಡ ಮದ್ದು. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕಡಿತ ಬೀಳುವುದು ಬಹುತೇಕ ಕಾಲಿಗೇ. 2024ರಲ್ಲಿ ಮೊದಲು ಕರ್ನಾಟಕ, ಆಮೇಲೆ ತಮಿಳುನಾಡು ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿದವು.

ಇಷ್ಟೆಲ್ಲ ಇದ್ದೂ ಬೂಟು ಸೀಟಿನ ಕೆಳಗೆ!

‘ನಾಲ್ಕು ದಿನ ಹಾಕ್ಕೊಳ್ಳಿ ಅಕ್ಕಾ’

ಬೂಟಿನ ಅಂಗಡಿಯಲ್ಲಿ ಎಲ್ಲ ಊರಲ್ಲೂ ಕೇಳಿಬರುವ ಮಾತೊಂದಿದೆ: ‘ಈಗ ಬಿಗಿ ಅನ್ಸುತ್ತೆ, ನಾಲ್ಕು ದಿನ ಹಾಕ್ಕೊಳ್ಳಿ ಅಕ್ಕಾ, ಅದೇ ಸರಿಹೋಗುತ್ತೆ.’ ಚರ್ಮದ ಚಪ್ಪಲಿಗೆ ಈ ಮಾತು ಸರಿ. ಚರ್ಮ ಬೆವರಿಗೆ ಮೆತ್ತಗಾಗಿ ಕಾಲಿನ ಆಕಾರಕ್ಕೆ ಬರುತ್ತದೆ. ಆದರೆ ಗಂಬೂಟು ಅಚ್ಚಿನಲ್ಲಿ ಎರಕ ಹೊಯ್ದ ಪಿವಿಸಿ ಇಲ್ಲವೇ ರಬ್ಬರು. ನಾಲ್ಕು ದಿನ ಅಲ್ಲ, ನಾಲ್ಕು ವರ್ಷ ಹಾಕಿದರೂ ಅದರ ಅಗಲ ಹೆಚ್ಚುವುದಿಲ್ಲ. ಮೊದಲ ದಿನ ಕಿರುಬೆರಳು ಒತ್ತಿದ ಬೂಟು ಹರಿಯುವ ದಿನದವರೆಗೂ ಒತ್ತುತ್ತಲೇ ಇರುತ್ತದೆ.

ಹೆಂಗಸರ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ತೋಟದ ಕೊಯ್ಲಿನಲ್ಲಿ ಹೆಚ್ಚಿನವರು ಅವರೇ. ಆದರೆ ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಗಂಬೂಟು ಗಂಡಸರ ಕಾಲಿನ ಅಚ್ಚಿನದು. ಉದ್ದ ಸರಿಯಾದರೆ ಮುಂಗಾಲು ಹಿಡಿಯುತ್ತದೆ. ಅಗಲ ಸರಿಯಾಗಲೆಂದು ಒಂದು ಸೈಜು ದೊಡ್ಡದು ತೆಗೆದರೆ ಹಿಮ್ಮಡಿ ಒಳಗೇ ಏಳುತ್ತದೆ, ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಗಂಬೂಟಿಗೆ ದಾರವಿಲ್ಲ, ಬಿಗಿ ಮಾಡಿಕೊಳ್ಳುವಂತೆಯೂ ಇಲ್ಲ.

ಇದು ಗೂಡಲೂರಿನದೊಂದೇ ಕಥೆಯಲ್ಲ. ನಮ್ಮಲ್ಲಿ ಬೂಟಿನ ಸೈಜು ಇಂಗ್ಲಿಷರ ಕಾಲದಿಂದ ಉಳಿದುಬಂದದ್ದು. ಒಂದು ಸೈಜಿಗೂ ಮುಂದಿನದಕ್ಕೂ ಅಂಗುಲದ ಮೂರನೇ ಒಂದು ಪಾಲು, ಅಂದರೆ ಎಂಟೂವರೆ ಮಿಲಿಮೀಟರ್ ಅಂತರ. ಅದೂ ಉದ್ದದ ಲೆಕ್ಕ ಮಾತ್ರ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದ ಅಳೆಯಿತು. ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರಿಂದ ತಿಳಿಯಿತು. ಆಮೇಲೆ ‘ಭಾ’ ಎಂಬ ಹೆಸರಿನಲ್ಲಿ ನಮ್ಮದೇ ಸೈಜು ಪದ್ಧತಿಯ ಪ್ರಸ್ತಾಪವೂ ಆಯಿತು. ಬರಿಗಾಲಲ್ಲಿ ಗದ್ದೆ ಕೆಸರು ತುಳಿದು ಬೆಳೆದ ಪಾದ ಅಗಲವಾಗಿರುತ್ತದೆ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅಚ್ಚು ಮಾಡುವವರಿಗೆ ತಿಳಿಸಲು ಲಕ್ಷ ಪಾದ ಅಳೆಯಬೇಕಾಯಿತು.

ಹಿಮದ ಬೂಟಿನ ಉಪಾಯ

ಬೂಟು ಕೂರಿಸುವುದನ್ನೇ ಕಸುಬು ಮಾಡಿಕೊಂಡವರನ್ನು ನೋಡಬೇಕಾದರೆ ಹಿಮದ ನಾಡಿಗೆ ಹೋಗಬೇಕು. ಹಿಮದ ಮೇಲೆ ಹಲಗೆ ಕಟ್ಟಿಕೊಂಡು ಜಾರುವ ಸ್ಕೀ ಆಟದ ಬೂಟೂ ಗಂಬೂಟಿನಂತೆ ಪ್ಲಾಸ್ಟಿಕ್ಕಿನದೇ, ಅದಕ್ಕಿಂತ ಗಟ್ಟಿ. ಹೊರಗೆ ಚಿಪ್ಪು, ಒಳಗೆ ಬೇರೆಯಾಗಿ ತೆಗೆಯಬಹುದಾದ ಮೆತ್ತನೆಯ ಕವಚ. ಪಾದದ ಉದ್ದವನ್ನು ನೇರವಾಗಿ ಸೆಂಟಿಮೀಟರಿನಲ್ಲೇ ಹೇಳುತ್ತಾರೆ. ಮುಂಗಾಲಿನ ಅಗಲವನ್ನೂ ಮಿಲಿಮೀಟರಿನಲ್ಲಿ ಹೇಳುತ್ತಾರೆ. 98 ಎಂದರೆ ಕಿರಿದು, 102 ಎಂದರೆ ಅಗಲ. ಅಷ್ಟಾದ ಮೇಲೂ ಒತ್ತಿದರೆ, ಒತ್ತುವ ಜಾಗವನ್ನಷ್ಟೇ ಕಾಯಿಸಿ ಹೊರಕ್ಕೆ ಉಬ್ಬಿಸಿ ಕೊಡುತ್ತಾರೆ.

ಗಂಬೂಟಿಗೆ ಅಷ್ಟು ಉಪಚಾರ ಯಾರು ಮಾಡುತ್ತಾರೆ? ಆದರೆ ಅವರ ಒಂದು ಉಪಾಯವನ್ನು ಯಾವ ಅಂಗಡಿಯಲ್ಲಾದರೂ ಕಾಸಿಲ್ಲದೆ ಮಾಡಬಹುದು. ಅಲ್ಲಿ ಒಳಕವಚ ತೆಗೆದು ಬರೀ ಚಿಪ್ಪಿನೊಳಗೆ ಕಾಲಿಡಿಸುತ್ತಾರೆ. ಬೆರಳ ತುದಿ ಮುಂದಕ್ಕೆ ತಾಗಿಸಿ ನಿಂತಾಗ ಹಿಮ್ಮಡಿಯ ಹಿಂದೆ ಎಷ್ಟು ಬೆರಳು ಹಿಡಿಯುತ್ತದೆ ಎಂದು ನೋಡುತ್ತಾರೆ. ಗಂಬೂಟಿನಲ್ಲೂ ಹಾಗೇ. ಕಾಲುಚೀಲ ಹಾಕಿ, ಬೆರಳು ಮುಂದಕ್ಕೆ ತಾಗಿಸಿ ನಿಂತರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಇಳಿಯಬೇಕು. ಬೆರಳೇ ಇಳಿಯದಿದ್ದರೆ ಚಿಕ್ಕದು. ಎರಡು ಬೆರಳು ಸಡಿಲವಾಗಿ ಓಡಾಡಿದರೆ ದೊಡ್ಡದು.

ಆಮೇಲೆ ಮುಖ್ಯವಾದದ್ದು, ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುವುದು. ನಾಚಿಕೆ ಬೇಡ. ಬೆಂಚಿನ ಮೇಲೆ ಕೂತು ಕಾಲು ಚಾಚಿ ನೋಡಿದರೆ ಎಲ್ಲ ಬೂಟೂ ಚೆಂದವೇ. ಕೂತಾಗ ಬೂಟಿನ ಮೇಲಂಚು ಮಂಡಿಯ ಹಿಂದಿನ ಮೆತ್ತನೆ ಜಾಗಕ್ಕೆ ಚುಚ್ಚಿದರೆ ಅದು ಎತ್ತರ ಹೆಚ್ಚಾಯಿತು ಎಂದರ್ಥ; ಕುಳ್ಳಗಿನ ಹೆಂಗಸರಿಗೆ ಮಂಡಿಯುದ್ದದ ಬೂಟಿಗಿಂತ ಅರ್ಧ ಮೀನಖಂಡದ ಬೂಟೇ ಮೇಲು. ಕೂತಾಗ ಬೂಟು ಮಡಿಯುವ ಗೆರೆ ಬೆರಳುಗಳ ಬುಡಕ್ಕೆ ಸರಿಯಾಗಿ ಬೀಳಬೇಕು. ಬೆರಳ ಮೇಲೆ ಬಿದ್ದರೆ ಮಧ್ಯಾಹ್ನದೊಳಗೆ ಗುಳ್ಳೆ ಖಂಡಿತ.

ಕೊಳ್ಳಲು ಹೋಗುವುದು ಸಂಜೆಯಾದರೆ ಒಳ್ಳೆಯದು. ದಿನವಿಡೀ ನಿಂತ ಕಾಲು ಸಂಜೆಗೆ ಊದಿಕೊಂಡಿರುತ್ತದೆ, ಬೆಳಿಗ್ಗೆ ಸರಿಯಾದ ಬೂಟು ಸಂಜೆಗೆ ಬಿಗಿ. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ, ದೊಡ್ಡ ಪಾದಕ್ಕೇ ಬೂಟು ನೋಡಬೇಕು. ಗಂಡನನ್ನೋ ಮೇಸ್ತ್ರಿಯನ್ನೋ ‘ಅಂದಾಜಿನ ಮೇಲೆ ತನ್ನಿ’ ಎಂದು ಕಳಿಸುವುದಾದರೆ, ಕಾಗದದ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲು ನೆಟ್ಟಗೆ ಹಿಡಿದು ಗೆರೆ ಎಳೆದು ಕೊಡುವುದು ವಾಸಿ. ಆ ಗೆರೆಯನ್ನು ಕತ್ತರಿಸಿ ಬೂಟಿನೊಳಗೆ ಇಳಿಸಿದಾಗ ಅಂಚು ಮಡಚಿದರೆ ಆ ಬೂಟು ಬೇಡ.

ಕಾಲುಂಗುರದ ಪ್ರಶ್ನೆ

ಯಾವ ಬೂಟಿನ ಕಂಪನಿಯೂ ಯೋಚಿಸದ ಒಂದು ವಿಷಯ ಕಾಲುಂಗುರ. ಮುಚ್ಚಿದ ಬೂಟಿನೊಳಗೆ, ಒದ್ದೆ ಕಾಲಿನಲ್ಲಿ, ಬೆಳ್ಳಿಯ ಉಂಗುರ ಪಕ್ಕದ ಬೆರಳನ್ನು ಉಜ್ಜುತ್ತದೆ. ತೆಗಿ ಎಂದರೆ ತೆಗೆಯುವವರಿಲ್ಲ, ತೆಗೆಯಬೇಕೆಂದು ಹೇಳುವುದೂ ಬೇರೆಯವರ ಕೆಲಸವಲ್ಲ. ಉಂಗುರದ ಸುತ್ತ ಅಂಟುವ ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಕಾಲುಚೀಲ ಹಾಕಿದರೆ ಉಜ್ಜುವುದು ನಿಲ್ಲುತ್ತದೆ. ಹಾವು ಕಚ್ಚಿದರೆ ಮಾತ್ರ ಮಾತು ಬೇರೆ. ಕಾಲು ಊದುವ ಮೊದಲೇ ಬೂಟು, ಗೆಜ್ಜೆ, ಕಾಲುಂಗುರ ಎಲ್ಲ ತೆಗೆದು, ಕಟ್ಟು ಬಿಗಿಯದೆ, ಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಸ್ಪರ್ಶವೇ ಮಂದವಾಗಿರಬಹುದು. ಬೂಟು ಕಚ್ಚಿದ್ದು ಅವರಿಗೆ ತಿಳಿಯುವುದು ಕಾಲುಚೀಲದಲ್ಲಿ ರಕ್ತ ಕಂಡ ಮೇಲೆ. ಅಂಥವರು ಸಂಜೆ ಪಾದದ ಅಡಿಯನ್ನು ಮನೆಯವರಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ಪ್ಯಾಂಟನ್ನು ಬೂಟಿನ ಒಳಗೆ ಸೇರಿಸಬೇಕೋ, ಹೊರಗೆ ಬಿಡಬೇಕೋ ಎಂಬ ಚರ್ಚೆಯೂ ಇದೆ. ಕೊಯ್ಲಿನ ದಿನ ಒಳಗೆ, ಜಿಗಣೆ ಹತ್ತದಿರಲಿ ಎಂದು. ಔಷಧ ಹೊಡೆಯುವ ದಿನ ಹೊರಗೆ, ಬಟ್ಟೆಯ ಮೇಲೆ ಬಿದ್ದ ವಿಷ ಇಳಿದು ಬೂಟಿನೊಳಗೆ ತುಂಬದಿರಲಿ ಎಂದು.

ದುಡ್ಡು ಯಾರದು?

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಮಳೆ, ಚಳಿಯಿಂದ ರಕ್ಷಣೆಗೆ ಮಾಲೀಕರು ಕೊಡಬೇಕಾದವುಗಳ ಮಾತು ಬಂದಾಗ ಕೊಡೆ, ಕಂಬಳಿ, ಮಳೆ ಅಂಗಿ ಎಂದು ಹೆಸರು ಹಿಡಿದು ಹೇಳಲಾಗಿತ್ತು. ಬೂಟಿನ ಹೆಸರು ಅಲ್ಲಿರಲಿಲ್ಲ, ‘ಅಂಥ ಇತರ’ ಎಂಬಲ್ಲಿ ಅದು ಸೇರಬೇಕಿತ್ತು. ಆ ಕಾಯ್ದೆ ಹೋಗಿ, 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂದಿದೆ. ಔಷಧ ಹೊಡೆಯುವವರ ಮಟ್ಟಿಗೆ 1971ರ ಕೀಟನಾಶಕ ನಿಯಮಗಳು ರಕ್ಷಣಾ ಉಡುಪಿನಲ್ಲಿ ಬೂಟನ್ನೂ ಸೇರಿಸಿವೆ. ದಿನಗೂಲಿಗೆ ಜೀಪಿನಲ್ಲಿ ಹೋಗುವವರಿಗೆ ಇಂದು ಈ ತೋಟ, ನಾಳೆ ಇನ್ನೊಂದು. ಹೀಗಾಗಿ ಬೂಟಿಗೆ ಕೈಯಿಂದಲೇ ಹಾಕುವವರು ಬಹಳ. ತೋಟದವರೇ ಕೊಡುವ ಕಡೆಯೂ ಮೂಟೆಯಲ್ಲಿ ಒಂದೆರಡೇ ಸೈಜು ತಂದು ಹಂಚಿದರೆ ಏನು ಬಂತು? ಕೊಟ್ಟ ಲೆಕ್ಕ ಪುಸ್ತಕದಲ್ಲಿ, ಬೂಟು ಸೀಟಿನ ಕೆಳಗೆ. ಹಂಚುವ ಮೊದಲು ಒಂದು ಸಂಜೆ ಎಲ್ಲರ ಪಾದದ ಗೆರೆ ತೆಗೆದುಕೊಂಡರೆ ಅದೇ ದುಡ್ಡಿಗೆ ಕೆಲಸ ಆಗುತ್ತದೆ. ಅರ್ಧ ಸೈಜಿನ ಕೊರತೆಗೆ ಒಂದು ಒಳಹಾಸು ಸಾಕು.

ಇನ್ನು ತೇವ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ದಿನಗಟ್ಟಲೆ ಒದ್ದೆ ಬೂಟಿನಲ್ಲಿ ನಿಂತ ಸಾವಿರಾರು ಸೈನಿಕರ ಪಾದ ಕೊಳೆಯತೊಡಗಿದಾಗ, ಕಾಲಿಗೆ ಎಣ್ಣೆ ಹಚ್ಚಿ ದಿನವೂ ಕಾಲುಚೀಲ ಬದಲಿಸಿ ಎಂದು ಸೇನೆ ಆಜ್ಞೆ ಹೊರಡಿಸಬೇಕಾಯಿತು. ಬುತ್ತಿಯ ಜೊತೆ ಇನ್ನೊಂದು ಜೊತೆ ಒಣ ಕಾಲುಚೀಲ ಒಯ್ದು ಊಟದ ಹೊತ್ತಿಗೆ ಬದಲಿಸಿದರೆ ಬೆರಳ ಸಂದಿಯ ಹುಣ್ಣು ಅರ್ಧ ತಪ್ಪುತ್ತದೆ. ರಾತ್ರಿ ಬೂಟನ್ನು ಒಲೆಯ ಪಕ್ಕ ಇಡಬಾರದು, ಪಿವಿಸಿ ಸೊಟ್ಟಗಾಗುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ಜಗಲಿಯಲ್ಲಿ ಮಲಗಿಸಿದರೆ ಬೆಳಗಿನ ಜೀಪಿನ ಹೊತ್ತಿಗೆ ಒಣಗಿರುತ್ತದೆ. ಹಾಕುವ ಮುನ್ನ ಒಮ್ಮೆ ತಲೆಕೆಳಗು ಮಾಡಿ ಕೊಡವಬೇಕು. ಚೇಳಿಗೂ ಬೆಚ್ಚಗಿನ ಬೂಟು ಇಷ್ಟ.