ಪುಟ್ಟ ವಿಮಾನಕ್ಕೆ ಕೊನೆಯ ಲೇಪ

ರೆಕ್ಕೆಯ ಈ ತುದಿಯಿಂದ ಆ ತುದಿಗೆ ಅಳೆದರೆ ಒಂದು ಗೇಣೂ ಇಲ್ಲ. ಆದರೂ ನೀಲಿ ಬಣ್ಣ ಬಿಸಿಲಿಗೆ ಮಾಸಿದೆ, ಹೊಗೆನಳಿಗೆಯ ಹಿಂದೆ ಮಸಿ ಹರಡಿದೆ, ಮೆಕ್ಯಾನಿಕ್‌ಗಳು ಕಾಲಿಟ್ಟು ಹತ್ತುವ ಜಾಗದಲ್ಲಿ ಬಣ್ಣ ಕಿತ್ತು ಲೋಹ ಇಣುಕುತ್ತಿದೆ. ಯುದ್ಧ ಕಂಡು ಬಂದ ವಿಮಾನವೆಂದೇ ಭ್ರಮೆ ಹುಟ್ಟಬೇಕು. ನಿಜವೆಂದರೆ ತಿಂಗಳ ಹಿಂದೆ ಅದು ಡಬ್ಬಿಯೊಳಗಿನ ಪ್ಲಾಸ್ಟಿಕ್ ಚೂರುಗಳು. ಈ ಮುಪ್ಪೆಲ್ಲ ಕುಂಚದ ಕೈವಾಡ!

ಅಮೆರಿಕದ ಕೋರ್ಸೇರ್ ಯುದ್ಧವಿಮಾನ ಇಂಥ ಹವ್ಯಾಸಿಗಳಿಗೆ ಅಚ್ಚುಮೆಚ್ಚು. 1943ರಲ್ಲಿ ಅದು ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಹವಳದ ಪುಡಿ ಹಾಸಿದ ರನ್‌ವೇಗಳಿಂದ ಹಾರುತ್ತಿತ್ತು. ಬಿಸಿಲು, ಉಪ್ಪುಗಾಳಿ, ಬಿಳಿಧೂಳು ಸೇರಿ ಅದರ ಬಣ್ಣವನ್ನು ತಿಂದುಹಾಕಿದ್ದವು. ಸುಮಾರು 12.5 ಮೀಟರ್ ಅಗಲದ ಈ ವಿಮಾನ 72ರಲ್ಲಿ ಒಂದು ಪಾಲಾಗಿ ಕುಗ್ಗಿದಾಗ 17 ಸೆಂಟಿಮೀಟರ್. ಅಷ್ಟರಲ್ಲೇ ಆ ಧೂಳು, ಕಲೆ ಎಲ್ಲವೂ ಕಾಣಬೇಕು, ಮುಟ್ಟಿದರೆ ಅಳಿಸಲೂಬಾರದು. ಅದಕ್ಕೇ ವಾರ್ನಿಷ್ ಬೇಕು.

ವಾರ್ನಿಷ್ ಕೊನೆಯಲ್ಲಿ ಮಾತ್ರ ಬಳಿಯುವಂಥದ್ದಲ್ಲ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಮೊದಲು ಹೊಳಪಿನ ವಾರ್ನಿಷ್. ಮೈ ಒರಟಾಗಿದ್ದರೆ ಲಾಂಛನದ ಅಂಟುಚಿತ್ರದಡಿ ಗಾಳಿ ಸಿಕ್ಕಿಬಿದ್ದು ಬೆಳ್ಳಿಯಂತೆ ಮಿನುಗುತ್ತದೆ. ಚಿತ್ರ ಅಂಟಿಸಿ ಮತ್ತೊಂದು ಲೇಪ. ಆಮೇಲೆ ವೈಟ್ ಸ್ಪಿರಿಟ್‌ನಲ್ಲಿ ನೀರಾಗಿಸಿದ ಎಣ್ಣೆಬಣ್ಣವನ್ನು ತಗಡಿನ ಸಂದುಗಳಿಗೆ ಹರಿಸಿ, ಹೆಚ್ಚಾದದ್ದನ್ನು ಒರೆಸುವುದು. ಚೆನ್ನಾಗಿ ಒಣಗಿದ ಅಕ್ರಿಲಿಕ್ ವಾರ್ನಿಷ್ ಸ್ಪಿರಿಟ್‌ಗೆ ಸುಲಭವಾಗಿ ಕರಗದು. ಹೀಗಾಗಿ ಕೈತಪ್ಪಿದರೂ ಒರೆಸಿ ಮತ್ತೆ ಮಾಡಬಹುದು. ಕಡೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಅದರೊಳಗಿನ ನುಣ್ಣನೆಯ ಪುಡಿ ಬೆಳಕನ್ನು ಚದುರಿಸಿ, ಆಟಿಕೆಯ ಮಿರುಗನ್ನು ಹೋಗಲಾಡಿಸುತ್ತದೆ.

ಅಪಾಯವಿರುವುದೂ ಈ ಕೊನೆಯ ಲೇಪದಲ್ಲೇ. ಹೊಗೆಯ ಕಲೆಗೆ ಬಳಸಿದ ಸೀಮೆಸುಣ್ಣದಂಥ ಪುಡಿ ಒದ್ದೆಯಾದೊಡನೆ ಅರ್ಧಕ್ಕರ್ಧ ಮಾಯವಾಗಬಹುದು. ಬಣ್ಣ ಕಿತ್ತಂತೆ ತೋರಿಸಲು ಎಳೆದ ಬೆಳ್ಳಿಗೆರೆ ಸತ್ತ ಬೂದುಬಣ್ಣಕ್ಕೆ ತಿರುಗುತ್ತದೆ. ಮುಚ್ಚದೆ ಬಿಟ್ಟರೆ ಚಾಲಕನ ಗಾಜಿನ ಮನೆ ಮಂಜಾಗುತ್ತದೆ. ಅದಕ್ಕೇ ಅನುಭವಿಗಳು ಬೆಳ್ಳಿಗೆರೆಯನ್ನು ಮ್ಯಾಟ್ ಲೇಪದ ನಂತರವೇ ಎಳೆಯುತ್ತಾರೆ. ಪುಡಿಯನ್ನು ಮೊದಲೇ ತುಸು ಗಾಢವಾಗಿ ಹಚ್ಚುವವರಿದ್ದಾರೆ. ಕೊನೆಯಲ್ಲಿ ಹಚ್ಚಿ, ಲೇಪವಿಲ್ಲದೆ ಹಾಗೇ ಬಿಡುವವರೂ ಇದ್ದಾರೆ.

ಹವೆಯನ್ನೂ ನೋಡಬೇಕು. ಸ್ಪ್ರೇ ಡಬ್ಬಿಯ ದ್ರಾವಕ ಬೇಗ ಆರುವಾಗ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕುಳಿತು ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಕರಾವಳಿಯ ಆಷಾಢದ ಮಳೆಯಲ್ಲಿ ಈ ಸಾಹಸ ಬೇಡ. ಒಣಹವೆಯ ದಿನಕ್ಕೆ ಕಾಯುವುದೇ ಲೇಸು. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಕಿಟಕಿ ತೆರೆದು, ದ್ರಾವಕದ ಆವಿ ತಡೆಯುವ ಮುಖವಾಡ ಧರಿಸಿ, ಒಮ್ಮೆಲೇ ದಪ್ಪಗೆ ಬಳಿಯದೆ ತೆಳುವಾಗಿ ಎರಡು ಮೂರು ಸಲ ಸಿಂಪಡಿಸಬೇಕು.

ಅದಕ್ಕೂ ಮುನ್ನ ಬೇಡವಾದ ಪ್ಲಾಸ್ಟಿಕ್ ಚೂರಿಗೆ ಅದೇ ಬಣ್ಣ, ಅದೇ ಪುಡಿ ಹಚ್ಚಿ ಅದರ ಮೇಲೆ ಪರೀಕ್ಷಿಸಿ. ಅಲ್ಲಿ ಕಲೆ ಉಳಿಯದಿದ್ದರೆ ವಿಮಾನಕ್ಕೆ ಲೇಪ ಬೇಡ. ಗಾಜಿನ ಪೆಟ್ಟಿಗೆ ಸಾಕು. ಕೈ ತಾಗದ ಧೂಳು ಅಲ್ಲಿ ಕೂತಲ್ಲೇ ಕೂತಿರುತ್ತದೆ.