ಎಂಟು ಲಕ್ಷ ರೂಪಾಯಿ ಎಂದರೆ ಎಷ್ಟು ವರ್ಷದ ಕೂಲಿ?

2019ರ ಜನವರಿ 8ರಂದು ಲೋಕಸಭೆಯಲ್ಲಿ ಮಂಡನೆ, ಅಂದೇ ಅಂಗೀಕಾರ. 9ಕ್ಕೆ ರಾಜ್ಯಸಭೆಯ ಒಪ್ಪಿಗೆ, 12ಕ್ಕೆ ರಾಷ್ಟ್ರಪತಿಗಳ ಅಂಕಿತ, 14ಕ್ಕೆ ಜಾರಿ! ಬೇರೆ ಯಾವ ಮೀಸಲಾತಿಯೂ ಇಲ್ಲದ ಜಾತಿಗಳ ಬಡವರಿಗೆ ಶೇ 10ರಷ್ಟು ಪಾಲು ಕೊಟ್ಟ ಸಂವಿಧಾನದ 103ನೇ ತಿದ್ದುಪಡಿಗೆ ಹಿಡಿದದ್ದು ಏಳೇ ದಿನ. ಹಿಂದುಳಿದ ವರ್ಗಗಳಿಗೆ ಮೀಸಲಾತಿ ಶಿಫಾರಸು ಮಾಡಿದ ಮಂಡಲ್ ಆಯೋಗದ ವರದಿ ಸಲ್ಲಿಕೆಯಾದದ್ದು 1980ರ ಡಿಸೆಂಬರ್ 31ಕ್ಕೆ; ಜಾರಿಯ ಘೋಷಣೆಗೆ ಅದು ಕಾದದ್ದು 1990ರ ಆಗಸ್ಟ್ 7ರವರೆಗೆ. ಮೂರೂವರೆ ಸಾವಿರ ದಿನ, ಅಂದರೆ ಐನೂರು ಪಟ್ಟು!

ಆ ಶೇ 10ರೊಳಗೆ ಬರಲು 2019ರಲ್ಲಿ ಹಾಕಿದ ಅಳತೆ ನೋಡಿ. ಕುಟುಂಬಕ್ಕೆ 1,000 ಚದರಡಿಯ ಫ್ಲ್ಯಾಟ್ ಇದ್ದರೆ ಹೊರಗೆ. ಹೊಲವಾದರೆ ಐದು ಎಕರೆ ಮುಟ್ಟುವ ತನಕ ಒಳಗೆ. ಐದು ಎಕರೆ ಎಂದರೆ 2,17,800 ಚದರಡಿ. ಅಂಥ 217 ಫ್ಲ್ಯಾಟ್‌ಗಳು ಅದರಲ್ಲಿ ಹಿಡಿಸುತ್ತವೆ! ಖುಷ್ಕಿ ಹೊಲದ ಬೆಲೆ ಬೇರೆ, ಬೆಂಗಳೂರಿನ ಫ್ಲ್ಯಾಟಿನ ಬೆಲೆ ಬೇರೆ, ಒಪ್ಪಿದೆ. ಆದರೆ 2015-16ರ ಕೃಷಿ ಗಣತಿಯಂತೆ ದೇಶದ ನೂರು ಹಿಡುವಳಿಗಳಲ್ಲಿ 86 ಎರಡು ಹೆಕ್ಟೇರಿಗಿಂತ, ಹೆಚ್ಚುಕಮ್ಮಿ ಐದು ಎಕರೆಗಿಂತ, ಚಿಕ್ಕವು.

ಇನ್ನು ಆದಾಯ. ಮಿತಿ ವರ್ಷಕ್ಕೆ ಎಂಟು ಲಕ್ಷ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನವೂ ಕೆಲಸ ಸಿಕ್ಕರೆ 37,000. ಬದು ಹಾಕಿ, ಕೆರೆಯ ಹೂಳು ಹೊತ್ತು ಎಂಟು ಲಕ್ಷ ಮುಟ್ಟಲು 21 ವರ್ಷವೂ ಸಾಲದು! ದುಡಿಯಲು ಶುರುಮಾಡಿದ ವರ್ಷ ಹುಟ್ಟಿದ ಮಗಳು ಅಷ್ಟರಲ್ಲಿ ಪದವಿ ಮುಗಿಸಿರುತ್ತಾಳೆ. ಅವಳೂ, ವರ್ಷಕ್ಕೆ 7,99,000 ರೂಪಾಯಿ ಬರುವ ಮನೆಯ ಹುಡುಗನೂ ಒಂದೇ ಬಗೆಯ ಪ್ರಮಾಣಪತ್ರ ಲಗತ್ತಿಸಿ ಒಂದೇ ಸೀಟಿಗೆ ಅರ್ಜಿ ಹಾಕಬೇಕು. ಅವಳಿಗೆ ಒಂದು ಅಂಕದ ರಿಯಾಯಿತಿಯೂ ಇಲ್ಲ. ಇದು ಅನ್ಯಾಯ.

ಹಿಂದುಳಿದ ವರ್ಗಗಳ ಕೆನೆಪದರಕ್ಕೂ ಕೇಂದ್ರ ಹಾಕಿದ್ದು ಅದೇ ಎಂಟು ಲಕ್ಷದ ಗೆರೆ. ಆ ವರ್ಗಗಳ ಮೀಸಲಾತಿಯಲ್ಲಿ ಯಾರಿಗೆ ಎಷ್ಟು ದಕ್ಕಿದೆ ಎಂದು ನ್ಯಾಯಮೂರ್ತಿ ಜಿ. ರೋಹಿಣಿ ಆಯೋಗ 1.3 ಲಕ್ಷ ಕೇಂದ್ರ ನೌಕರಿಗಳನ್ನೂ ಉನ್ನತ ಶಿಕ್ಷಣದ ಪ್ರವೇಶಗಳನ್ನೂ ಜಾತಿವಾರು ಎಣಿಸಿತು. ಪಂಕ್ತಿಯಲ್ಲಿ ಜಾತಿಗೊಂದರಂತೆ ನೂರು ಎಲೆ ಹಾಕಿ ನೂರು ಹೋಳಿಗೆ ಬಡಿಸಿದಿರಿ ಅನ್ನಿ: ಮೊದಲ 25 ಎಲೆಗಳಿಗೇ 97 ಹೋಳಿಗೆ! ಮುಂದಿನ 38 ಎಲೆಗಳಿಗೆ ಉಳಿದ ಮೂರು. ಕೊನೆಯ 37 ಎಲೆ ಖಾಲಿ. ಎಲ್ಲ ಜಾತಿಗಳ ಜನಸಂಖ್ಯೆಯೂ ಒಂದೇ ಸಮ ಇಲ್ಲ, ಕೆಲವು ತೀರಾ ಸಣ್ಣ ಸಮುದಾಯಗಳು, ಆದರೂ ಸೊನ್ನೆ!

ಆಯೋಗಕ್ಕೆ 2017ರಲ್ಲಿ ಕೊಟ್ಟ ಗಡುವು 12 ವಾರ. ವರದಿ ಸಲ್ಲಿಕೆಯಾದದ್ದು 2023ರ ಜುಲೈ 31ಕ್ಕೆ, 300 ವಾರ ದಾಟಿದ ಮೇಲೆ. ಆ ಎಣಿಕೆಯಲ್ಲಿ ಒಂದು ನೌಕರಿಯೂ, ಒಂದು ಸೀಟೂ ಸಿಗದ ಜಾತಿಗಳು 983. ದಿನಕ್ಕೊಂದು ಜಾತಿಯ ಕೇರಿಗೆ ಹೋಗಿ ಬಂದರೂ ಸುತ್ತಿ ಮುಗಿಸಲು ಎರಡು ವರ್ಷ ಎಂಟು ತಿಂಗಳು ಬೇಕು!